ಕೃತಜ್ಞತೆಯ ಬಾಕಿ ಲೆಕ್ಕ

2020ರ ಏಪ್ರಿಲ್ 23ರಂದು ಕೇಂದ್ರ ಸರಕಾರವು ತನ್ನ ನೌಕರರ ತುಟ್ಟಿಭತ್ಯೆಯ ಏರಿಕೆಯನ್ನು ತಡೆಹಿಡಿಯಿತು. ಆ ವರ್ಷದ ಜನವರಿ, ಜುಲೈ ಹಾಗೂ ಮರುವರ್ಷದ ಜನವರಿ, ಹೀಗೆ ಮೂರು ಕಂತುಗಳು ನಿಂತವು. ಆಂಟಾಪ್ ಹಿಲ್‌ನ ಸರಕಾರಿ ವಸತಿಯಲ್ಲಿರುವ ನಮ್ಮಂಥವರಿಗೆ ಅದೊಂದು ದೊಡ್ಡ ಆಘಾತವೆನಿಸಿತು; ಕಿಟಕಿಯಿಂದ ಕಿಟಕಿಗೆ ಅದೇ ಮಾತು. ಈಗ ಲೆಕ್ಕ ಹಾಕಿದರೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಶೇಕಡಾ 17ರ ಭತ್ಯೆ ತಿಂಗಳು ತಿಂಗಳು ಬರುತ್ತಲೇ ಇತ್ತು. ನಿಂತದ್ದು ಏರಿಕೆ ಮಾತ್ರ. ಕೈಯಲ್ಲಿದ್ದುದನ್ನು ಯಾರೂ ಕಸಿದಿರಲಿಲ್ಲ. ಅದೇ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನವು ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ನಾಲ್ಕನೆಯ ಒಂದಂಶದಷ್ಟು ಕುಸಿದಿತ್ತು. ಲೋಕಲ್ ರೈಲು ನಿಂತಿತ್ತು, ಡಬ್ಬಾವಾಲರ ಸೈಕಲ್ ನಿಂತಿತ್ತು, ಮಾಟುಂಗದ ಉಡುಪಿ ಹೋಟೆಲುಗಳ ಬಾಗಿಲು ಮುಚ್ಚಿತ್ತು.

ಆ ದಿನಗಳಲ್ಲಿ ಸರಳ ಜೀವನದ ಕುರಿತು ಬಂದ ಸಂದೇಶಗಳಿಗೆ ಲೆಕ್ಕವಿಲ್ಲ. ಇದ್ದುದರಲ್ಲಿ ತೃಪ್ತಿಪಡಿ, ಕೃತಜ್ಞರಾಗಿರಿ ಎಂಬ ಉಪದೇಶವನ್ನು ನಾವೂ ಹತ್ತಾರು ಜನರಿಗೆ ರವಾನಿಸಿದೆವು. ಉಪದೇಶ ಸುಳ್ಳಲ್ಲ. ಆದರೆ ತಿಂಗಳ ಕೊನೆಗೆ ಸಂಬಳ ಬರುವವನ ಬಾಯಲ್ಲಿ ಅದು ಬಹಳ ಅಗ್ಗ. ಅಮೆರಿಕದ ಥೋರೋ 1854ರಲ್ಲಿ ಪ್ರಕಟಿಸಿದ ‘ವಾಲ್ಡನ್’ ಸರಳ ಬದುಕಿನ ಗ್ರಂಥವೆಂದು ಎಂ.ಎ. ತರಗತಿಯಲ್ಲಿ ಓದಿ ನಾವು ಪುಳಕಗೊಂಡಿದ್ದೆವು. ಆ ಗುಡಿಸಲು ನಿಂತದ್ದು ಮಿತ್ರ ಎಮರ್ಸನ್ನನ ಜಮೀನಿನಲ್ಲಿ ಎಂಬುದನ್ನು ಅಂದು ಯಾರೂ ಒತ್ತಿ ಹೇಳಲಿಲ್ಲ. ಯಾರ ನೆಲದಲ್ಲಿ ನಿಂತು ಸರಳವಾಗಿದ್ದೇವೆ ಎಂಬ ಪ್ರಶ್ನೆ ಹೊಳೆದದ್ದು ನಲವತ್ತು ದಾಟಿದ ಮೇಲೆ.

ಮಿತವ್ಯಯದಲ್ಲಿ ಎರಡು ಬಗೆಯಿದೆ. ವಸ್ತುವಿನ ಮೇಲಿನ ಮಿತವ್ಯಯ ಒಂದು, ಮನುಷ್ಯರ ದುಡಿಮೆಯ ಮೇಲಿನದು ಇನ್ನೊಂದು. ಮೊದಲನೆಯದು ಕರಾವಳಿಯ ಅಡುಗೆಮನೆಗೆ ಹೊಸತಲ್ಲ. ಹೀರೆಕಾಯಿಯ ತಿರುಳು ಸಾಂಬಾರಿಗೆ, ಸಿಪ್ಪೆ ಚಟ್ನಿಗೆ. ಕಲ್ಲಂಗಡಿಯ ಬಿಳಿ ಭಾಗ ಅಕ್ಕಿಯೊಂದಿಗೆ ರುಬ್ಬಿದರೆ ದೋಸೆ. ಹಲಸಿನ ಬೀಜ ತೊಳೆದು ಒಣಗಿಸಿಟ್ಟರೆ ಮಳೆಗಾಲದ ಪಲ್ಯ. ಅಜ್ಜಿಯರ ಕಾಲದಲ್ಲಿ ಇದಕ್ಕೆ ಸುಸ್ಥಿರತೆ ಎಂಬ ಹೆಸರಿರಲಿಲ್ಲ. ಮುಂಬಯಿಯಲ್ಲೂ ಹಳೆಯ ಬಟ್ಟೆ ಪಡೆದು ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು, ಕೊಡೆ ರಿಪೇರಿಯವನು, ಮೂಲೆಯ ಚಮ್ಮಾರ, ಮಿಕ್ಸರಿನ ಮೋಟರಿಗೆ ತಂತಿ ಸುತ್ತಿಕೊಡುವವನು ಇವರೆಲ್ಲ ಸೇರಿ ವಸ್ತುಗಳ ಆಯುಷ್ಯವನ್ನು ಹೆಚ್ಚಿಸುತ್ತ ಬಂದಿದ್ದಾರೆ. ಹೊಸತು ಕೊಳ್ಳದೆ ಇವರಲ್ಲಿಗೆ ಹೋಗುವುದು ಉಳಿತಾಯವೂ ಹೌದು, ಇನ್ನೊಬ್ಬರ ಅನ್ನವೂ ಹೌದು.

ಎರಡನೆಯ ಬಗೆಯ ಮಿತವ್ಯಯ ಹಾಗಲ್ಲ. ಎಲ್ಲರೂ ಒಮ್ಮೆಗೇ ಕೈಬಿಗಿ ಹಿಡಿದರೆ ಎಲ್ಲರೂ ಬಡವರಾಗುತ್ತಾರೆ ಎಂಬ ವಿಚಿತ್ರವನ್ನು ಕೇನ್ಸ್ 1936ರಲ್ಲೇ ವಿವರಿಸಿದ್ದ. ನಾವು ಉಳಿಸಿದ ಮಸಾಲೆದೋಸೆಯ ದುಡ್ಡು ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನ ಸಂಬಳ. ಅಂಥ ಹುಡುಗರಲ್ಲಿ ಎಷ್ಟೋ ಜನ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತು ಈ ನಗರದಲ್ಲಿ ತಲೆಯೆತ್ತಿದವರು. ಮುಂಬಯಿ ಕನ್ನಡಿಗರು ಮರೆಯಬಾರದ ಋಣವಿದು.

ಗಿರಣಗಾಂವ್‌ನ ಉದಾಹರಣೆ ನೋಡಿ. ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರು ತಿಂಗಳಿಡೀ ಬಡಿಸಿ, ಪಗಾರದ ದಿನ ಹಣ ಪಡೆಯುತ್ತಿದ್ದರು. ಅಂದರೆ ಪ್ರತಿ ಊಟವೂ ಸಾಲದ ಊಟವೇ. ತಾವು ಸಾಮಾನು ತರುತ್ತಿದ್ದುದು ಬಡ್ಡಿಯ ಸಾಲದಲ್ಲಿ. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ ಇವರಿಗೆ ಬ್ಯಾಂಕ್ ಸಾಲ ಸಿಗುವಂತೆ ಮಾಡಿದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾಯಿತು. ಪಗಾರದ ದಿನವೇ ಇಲ್ಲವಾದಾಗ ಆ ಒಲೆಗಳ ಗತಿಯೇನಾಗಿರಬೇಕು! ಮುಷ್ಕರದ ಚರಿತ್ರೆಯಲ್ಲಿ ದತ್ತಾ ಸಾಮಂತರ ಹೆಸರಿದೆ, ಗಿರಣಿ ಮಾಲೀಕರ ಹೆಸರಿದೆ. ಬಾಕಿಪುಸ್ತಕ ಹಿಡಿದು ಕುಳಿತವರನ್ನು ನಾವು ಹುಡುಕಿಕೊಂಡು ಓದಬೇಕಾಗುತ್ತದೆ.

ಇಷ್ಟೆಲ್ಲ ಬರೆಯುವ ನಮ್ಮ ಮನೆಯ ಕತೆಯನ್ನೂ ಹೇಳಬೇಕು. ಮನೆಗೆಲಸಕ್ಕೆ ಬರುವವರು ಕಲಬುರಗಿ ಕಡೆಯವರು, ಗೋವಂಡಿಯಲ್ಲಿ ವಾಸ. ಕೆಲಸಕ್ಕೆ ಬಾರದಿದ್ದರೂ ಏಪ್ರಿಲ್, ಮೇ ತಿಂಗಳ ಸಂಬಳ ಕಳುಹಿಸಿ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು. ಜೂನ್‌ನಿಂದ ನಿಲ್ಲಿಸಿದೆವು. ಭತ್ಯೆ ನಿಂತಿದೆಯಲ್ಲ, ನಮಗೂ ಕಷ್ಟವೇ ಎಂಬ ಸಮಾಧಾನ ಸಿದ್ಧವಾಗಿತ್ತು. ಸೆಪ್ಟೆಂಬರಿನಲ್ಲಿ ಅವರು ಮರಳಿ ಬಂದು, ಪೊರಕೆ ಕೈಗೆತ್ತಿಕೊಳ್ಳುತ್ತ ನಮ್ಮ ಹೆಂಡತಿಯನ್ನು ಕೇಳಿದ್ದು ಒಂದೇ ಮಾತು: “ಅಕ್ಕಾ, ನಿಮಗ ಪಗಾರ ಪೂರಾ ಬರ್ತಿತ್ತಲ್ರೀ?” ದೂರಿನ ದನಿಯಿರಲಿಲ್ಲ, ನಮಗೇನಾದರೂ ತೊಂದರೆಯಾಯಿತೇ ಎಂಬ ಕಾಳಜಿಯೇ ಇದ್ದಿರಬಹುದು. ಹೌದೆಂದು ಹೇಳಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

2021ರ ಜುಲೈಯಿಂದ ಭತ್ಯೆ ಶೇಕಡಾ 28ಕ್ಕೆ ಏರಿತು. ತಡೆಹಿಡಿದ ಹದಿನೆಂಟು ತಿಂಗಳ ಬಾಕಿ ಮಾತ್ರ ಕೊಡಲಿಲ್ಲ. ಅದನ್ನು ಕೇಳುವ ಮನವಿಗೆ ನಾವೂ ಸಹಿ ಹಾಕಿದೆವು, ಅದು ನ್ಯಾಯವೆಂದೇ ಈಗಲೂ ನಂಬುತ್ತೇವೆ. ಸಹಿ ಹಾಕಿ ಮನೆಗೆ ಬಂದ ಸಂಜೆ ಜೂನ್, ಜುಲೈ, ಆಗಸ್ಟ್ ತಿಂಗಳುಗಳ ನೆನಪಾಯಿತು. ಮರುದಿನ ಮೂರು ತಿಂಗಳ ಹಣವನ್ನು ಲಕೋಟೆಯಲ್ಲಿಟ್ಟು ಅವರ ಕೈಗೆ ಕೊಟ್ಟೆವು. ಅವರು ಎಣಿಸಿ ನೋಡಿ, ಅನುಮಾನದಿಂದ ಕೇಳಿದರು: “ಇದು ಯಾವ ತಿಂಗಳಿಂದ್ರೀ?”