ಗಣಿ ಮುಚ್ಚಿತು, ಬಾಯಿ ಮುಚ್ಚಬೇಕಿಲ್ಲ

ಈ ನಾಡಿನ ಮ್ಯೂಸಿಯಂಗಳಿಗೆ ಒಮ್ಮೆ ಹೋಗಿ ನೋಡಿ. ರಾಜನ ಕತ್ತಿ ಇರುತ್ತೆ. ರಾಣಿಯ ಪಲ್ಲಕ್ಕಿ ಇರುತ್ತೆ. ಪಲ್ಲಕ್ಕಿ ಹೊತ್ತವನ ಹೆಸರು ಎಲ್ಲಿದೆ? ಗುಡಿಯಿಂದ ತಂದ ವಿಗ್ರಹ ಇರುತ್ತೆ. ಆ ಕಲ್ಲನ್ನು ಬಂಡೆಯಿಂದ ಒಡೆದು ತಂದವನ ಸುತ್ತಿಗೆ ಎಲ್ಲಿದೆ? ಯಾಕಿಲ್ಲ ಅಂತ ಕೇಳಿದರೆ 'ಸಿಗಲಿಲ್ಲ' ಅಂತಾರೆ. ಹುಡುಕಿದ್ದರೆ ತಾನೆ ಸಿಗೋದು!

ನಾವು ಇವತ್ತು ಎತ್ತಿಕೊಂಡಿರುವ ಪ್ರಶ್ನೆ ಕೋಲಾರದ ಚಿನ್ನದ ಗಣಿ ಊರಿನದು. ಕೆಜಿಎಫ್‌ನಲ್ಲಿ ದುಡಿದವರ ಚರಿತ್ರೆಗೆ ಒಂದು ಮನೆ ಬೇಕು. ಕಂಪನಿಯ ಚರಿತ್ರೆಗಲ್ಲ, ಯಂತ್ರದ ಚರಿತ್ರೆಗಲ್ಲ, ದುಡಿದವರ ಚರಿತ್ರೆಗೆ. ಇದು ಹೇಳೋದಕ್ಕೆ ಸುಲಭ. ಕಟ್ಟೋದಕ್ಕೆ ಹೊರಟರೆ ಎದುರಾಗುವ ಅಡ್ಡಿಗಳೇನು, ಅವನ್ನು ಹೇಗೆ ದಾಟಬೇಕು ಅನ್ನೋದನ್ನು ಹಾಸ್ಟೆಲಿನ ಹುಡುಗ ಹುಡುಗಿಯರು ಕೂತು ಯೋಚಿಸಬೇಕು.

ಮೊದಲು ಊರನ್ನು ತಿಳಿಯೋಣ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಮುಂದೆ ಸುಮಾರು 120 ವರ್ಷಗಳಲ್ಲಿ ಈ ನೆಲದಿಂದ ತೆಗೆದ ಚಿನ್ನ ಸುಮಾರು 800 ಟನ್ ಅಂತ ಲೆಕ್ಕ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಚಿನ್ನಕ್ಕೆ ಎಂಥ ಅವಸರ ನೋಡಿ! ಮೇಲೆ ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೆಲಸಗಾರರಿಗೆ ಸಾಲು ಸಾಲು ತಟ್ಟಿ ಗುಡಿಸಲು. ಆ ಸಾಲುಗಳಿಗೆ 'ಲೈನ್' ಅಂತ ಹೆಸರು.

ಆ ಲೈನುಗಳಲ್ಲಿ ಇದ್ದವರು ಯಾರು? ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸುತ್ತಲಿನ ಹಳ್ಳಿಗಳಿಂದ ಬಂದ ಜನ. ಅವರಲ್ಲಿ ಬಹುಪಾಲು ಊರು ಹೊರಗಿಟ್ಟಿದ್ದ ಜಾತಿಗಳವರು. ಗೌಡನ ಜೀತ ಬಿಟ್ಟು, ಬಾವಿಯ ಹತ್ತಿರ ಸೇರಿಸದ ಊರನ್ನು ಬಿಟ್ಟು ಬಂದವರು. ಕೂಲಿ ಕೈಗೆ ಬಂತು, ನಿಜ. ಜೊತೆಗೆ ಕೈಗೆ ನಂಬರಿನ ಕಡಗವೂ ಬಂತು. ಶಿಫ್ಟ್ ಮುಗಿಸಿ ಮೇಲೆ ಬಂದರೆ ಚಿನ್ನ ಕದ್ದಿದ್ದಾನೋ ಅಂತ ಮೈ ತಡವುತ್ತಿದ್ದರು. ಬಂಡೆ ಸಿಡಿದು ಸತ್ತವರೆಷ್ಟೋ. ಕಲ್ಲಿನ ಧೂಳು ಎದೆಯಲ್ಲಿ ಕೂತು ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸತ್ತವರೆಷ್ಟೋ.

ಆದರೆ ಇವರು ಬರೀ ಸತ್ತವರಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. 1930ರಲ್ಲಿ ಎಲ್ಲರೂ ಬೆರಳಚ್ಚು ಕೊಡಬೇಕು ಅಂತ ಕಂಪನಿ ಹುಕುಂ ಮಾಡಿದಾಗ, 'ನಾವು ಕಳ್ಳರಲ್ಲ' ಅಂತ ಸಾವಿರಾರು ಜನ ವಾರಗಟ್ಟಲೆ ಗಣಿಗೆ ಇಳಿಯಲಿಲ್ಲ. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದರು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ್ದು ನಮಗೆಲ್ಲ ಗೊತ್ತು. ಅದಕ್ಕೂ ಎಷ್ಟೋ ದಶಕ ಮೊದಲೇ, ಇಪ್ಪತ್ತನೇ ಶತಮಾನದ ಆರಂಭದಲ್ಲೇ, ಪಂಡಿತ ಅಯೋತಿ ದಾಸರ ಪ್ರೇರಣೆಯಿಂದ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳ ಗಣಿ ಕಾರ್ಮಿಕರು ಬೌದ್ಧ ಸಂಘ ಕಟ್ಟಿಕೊಂಡಿದ್ದರು. ಪತ್ರಿಕೆ ಓದಿದರು, ಪುಸ್ತಕ ಅಚ್ಚು ಹಾಕಿದರು. ನಮ್ಮ ಎಷ್ಟು ಪಠ್ಯಪುಸ್ತಕಗಳಲ್ಲಿ ಇದನ್ನು ಓದಿದ್ದೀರಿ?

1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಆಮೇಲೆ ಗಣಿಯೊಳಗೆ ನೀರು ತುಂಬಿತು. ಊರಿನ ಯುವಕರು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವಂತಾಯಿತು. ಅಜ್ಜ ನೆಲದೊಳಗೆ ಇಳಿದ, ಮೊಮ್ಮಗ ರೈಲು ಹತ್ತಿದ. ನಡುವಿನ ಕತೆ ಯಾರ ಹತ್ತಿರ ಇದೆ?

ಈ ಊರಿಗೆ ಮರ್ಯಾದೆ ಸಿಕ್ಕೇ ಇಲ್ಲ ಅಂತಲ್ಲ. ಪೆದ್ದಪಲ್ಲಿಯ ಹಳೆಯ ಜ್ವಾಲಾಮುಖಿ ಶಿಲೆಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅನ್ನೋ ಪಟ್ಟ ಸಿಕ್ಕಿದೆ. 1965ರಲ್ಲಿ ಇಲ್ಲಿನ ಗಣಿಯ ಆಳದಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಅನ್ನೋ ಕಣದ ಸುಳಿವು ಹಿಡಿದದ್ದು ವಿಜ್ಞಾನದ ಪುಸ್ತಕದಲ್ಲಿದೆ. 2018ರಲ್ಲಿ, 2022ರಲ್ಲಿ ಇದೇ ಹೆಸರಿನ ಸಿನಿಮಾಗಳು ಬಂದು ದೇಶವೆಲ್ಲ ಚಪ್ಪಾಳೆ ಹೊಡೆಯಿತು. ಅಲ್ಲಿ ಕೂಲಿಗಳು ಮೂಕರು. ಅವರನ್ನು ಬಿಡಿಸೋಕೆ ಹೊರಗಿಂದ ಒಬ್ಬ ಹೀರೋ ಬರಬೇಕು. 1930ರಲ್ಲಿ ಯಾವ ಹೀರೋನೂ ಬರಲಿಲ್ಲ ಗೆಳೆಯರೇ, ಲೈನಿನ ಜನವೇ ಎದ್ದರು. ಕಲ್ಲಿಗೆ ಸ್ಮಾರಕ, ಕಣಕ್ಕೆ ಪುಸ್ತಕ, ಹೀರೋಗೆ ಸಿನಿಮಾ. ಕಲ್ಲು ಕೊರೆದವನಿಗೆ?

ಈಗ ಅಡ್ಡಿಗಳ ವಿಷಯಕ್ಕೆ ಬರೋಣ.

ಮೊದಲನೆಯದು ಜಾಗ. ಗಣಿಯ ನೆಲ, ಕಟ್ಟಡ ಕೇಂದ್ರ ಸರ್ಕಾರದ ಕಂಪನಿಯದು. ಬೀದಿ ನಗರಸಭೆಯದು. ಮ್ಯೂಸಿಯಂ ಇಲಾಖೆ ರಾಜ್ಯದ್ದು. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆ ಏರ್ಪಾಡು ಬೇಕೆ? ಅದಕ್ಕೇ ಕಟ್ಟಡ ಸಿಕ್ಕಮೇಲೆ ಕೆಲಸ ಶುರು ಮಾಡೋಣ ಅಂತ ಕಾಯಬಾರದು. ಕಟ್ಟಡ ಕೊನೆಗೆ ಬರಲಿ. ಸಂಗ್ರಹ ಮೊದಲು ಆಗಲಿ. ಕೈಯಲ್ಲಿ ಸಾಮಾನು ಇದ್ದರೆ ಜಾಗ ಕೇಳೋ ದನಿಗೆ ಬಲ ಬರುತ್ತೆ.

ಎರಡನೆಯದು ಸಾಮಾನು. ಹೆಲ್ಮೆಟ್ಟು, ದೀಪ, ಬೂಟು, ಊಟದ ಡಬ್ಬಿ, ಹಾಜರಿ ಚೀಟಿ, ಸಂಬಳದ ಚೀಟಿ, ಯೂನಿಯನ್ ರಸೀದಿ, ಎದೆಯ ಎಕ್ಸ್-ರೇ. ಇವು ಯಾವುವೂ ಅರಮನೆಯ ಸಾಮಾನಲ್ಲ. ಕಷ್ಟ ಬಂದಾಗ ಕಬ್ಬಿಣ ಗುಜರಿಗೆ ಹೋಗುತ್ತೆ, ಕಾಗದ ಒಲೆಗೆ ಹೋಗುತ್ತೆ. ಮಾರಿದವರನ್ನು ಬೈಯುವ ಹಕ್ಕು ನಮಗಿಲ್ಲ. 'ಇದಕ್ಕೆ ಬೆಲೆ ಇದೆ ತಾತಾ' ಅಂತ ಯಾರೂ ಅವರಿಗೆ ಹೇಳಲೇ ಇಲ್ಲ. ನಮ್ಮದು ಅಂದರೆ ಕೀಳು, ದೊರೆಯದು ಅಂದರೆ ಮೇಲು ಅಂತ ನಮಗೇ ಕಲಿಸಿಟ್ಟಿದ್ದಾರೆ. ಮ್ಯೂಸಿಯಂನ ಮೊದಲ ಜಗಳ ಈ ಕಲಿಕೆಯ ಜೊತೆಗೇ.

ಮೂರನೆಯದು ಕಡತ. ಯಾರು ಎಂದು ಸೇರಿದ, ಯಾವಾಗ ಗಾಯಗೊಂಡ, ಎಷ್ಟು ಪರಿಹಾರ ಕೊಟ್ಟರು, ಇದೆಲ್ಲ ಕಂಪನಿಯ ಕಾಗದಗಳಲ್ಲಿ ಇರಬೇಕಾದದ್ದು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಉದ್ಯಮಗಳ ಕಡತಗಳನ್ನು ಮನಸ್ಸು ಬಂದಂತೆ ನಾಶ ಮಾಡುವಂತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಯಾವ ಕಡತ ಎಲ್ಲಿದೆ ಅಂತ ಕೇಳಬಹುದು. ಕಾನೂನು ಓದುವ ಗೆಳೆಯರು ಈ ಕೆಲಸಕ್ಕೆ ಕೈ ಹಾಕಬೇಕು. ಗೆದ್ದಲಿಗೆ ಕಾನೂನು ಗೊತ್ತಿಲ್ಲ. ಅದು ನಮಗಿಂತ ಮುಂಚೆ ಓದಿ ಮುಗಿಸುತ್ತೆ.

ನಾಲ್ಕನೆಯದು ಭಾಷೆ. ಕಂಪನಿಯ ಕಾಗದ ಇಂಗ್ಲಿಷು. ಲೈನಿನ ಮಾತು ತಮಿಳು, ತೆಲುಗು. ಸರ್ಕಾರದ ಬೋರ್ಡು ಕನ್ನಡ. ಈ ಭಾಷೆಗಳ ಜಗಳದಲ್ಲಿ ಕೆಜಿಎಫ್‌ನವರು ನಮ್ಮವರಲ್ಲ ಅಂತ ಎರಡೂ ಕಡೆಯವರು ಕೈ ತೊಳೆದುಕೊಳ್ಳೋದು ಸುಲಭ. ನಾವು ಹಾಗೆ ಮಾಡಬಾರದು. ಹಸಿವಿಗೆ, ಧೂಳಿಗೆ, ಅವಮಾನಕ್ಕೆ ಭಾಷೆಯ ಗಡಿ ಇರಲಿಲ್ಲ. ಅಜ್ಜಿ ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲೇ ಬರೆದಿಡಿ. ಪಕ್ಕದಲ್ಲಿ ಕನ್ನಡ ಬರೆಯಿರಿ.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು: ಯಾರ ಕತೆ, ಯಾರು ಹೇಳಬೇಕು? ಸರ್ಕಾರ ಮಾಡಿದರೆ ಬಂಗಲೆ, ಕ್ಲಬ್ಬು, ಚಿನ್ನದ ಗಟ್ಟಿಯ ಮಾದರಿ ಇಟ್ಟು ಟಿಕೆಟು ಹರಿದಾರು. ನಾವು ಮಾಡಿದರೆ ನಾಯಕರ ಫೋಟೋಗಳಿಗೆ ಹಾರ ಹಾಕಿ ಊದುಬತ್ತಿ ಹಚ್ಚಿ ಕೂತೇವು. ಎರಡೂ ಬೇಡ. ಯೂನಿಯನ್ನುಗಳ ಒಳಜಗಳ ಇರಲಿ. ನಮ್ಮ ನಮ್ಮಲ್ಲೇ ಇದ್ದ ಒಳಜಾತಿಯ ಮೇಲುಕೀಳು ಇರಲಿ. ಗಂಡ ಗಣಿಯಲ್ಲಿ ಸತ್ತಮೇಲೆ ಮನೆ ನಡೆಸಿದ ಹೆಂಗಸರ ಮಾತು ಮುಂದಿನ ಕೋಣೆಯಲ್ಲೇ ಇರಲಿ, ಹಿತ್ತಲಿನಲ್ಲಲ್ಲ.

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಅಂತ ಕೆಲವರು ನಗಬಹುದು. ಕೆಲಸ ಕೇಳಬೇಕಾದ ಹೊತ್ತಿನಲ್ಲಿ ಮ್ಯೂಸಿಯಂ ಯಾಕೆ ಅಂತ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನೆಯ ಹಕ್ಕು ಕೇಳಲು ಹೋದವನಿಗೆ 'ದಾಖಲೆ ತಾ' ಅಂತಾರೆ. ಕಾಯಿಲೆಗೆ ಪರಿಹಾರ ಕೇಳಿದವಳಿಗೆ 'ನಿನ್ನ ಗಂಡ ಇಲ್ಲಿ ದುಡಿದದ್ದಕ್ಕೆ ಸಾಕ್ಷಿ ಏನು' ಅಂತಾರೆ. ಹಳೇ ಸಂಬಳದ ಚೀಟಿ ಆಗ ಜುಟ್ಟಿನ ಹೂವಲ್ಲ, ಹೊಟ್ಟೆಯ ಹಿಟ್ಟೇ. ಚರಿತ್ರೆ ಇಲ್ಲದವನು ಹಕ್ಕು ಕೇಳಿದರೆ ಅದನ್ನು ಭಿಕ್ಷೆ ಅಂತ ಲೆಕ್ಕ ಹಾಕುತ್ತಾರೆ.

ಹೀಗೆ ಮಾಡಿದವರು ಇದ್ದಾರೆ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಒಂದು ಬಡಾವಣೆ. 1966ರಲ್ಲಿ ಅದನ್ನು ಬಿಳಿಯರ ಪ್ರದೇಶ ಅಂತ ಸಾರಿ, ಸುಮಾರು 60,000 ಜನರನ್ನು ಎಬ್ಬಿಸಿ, ಮನೆಗಳನ್ನು ನೆಲಸಮ ಮಾಡಿದರು. ಆ ಜನ 1994ರಲ್ಲಿ ಒಂದು ಹಳೆ ಚರ್ಚಿನಲ್ಲಿ ಮ್ಯೂಸಿಯಂ ತೆರೆದರು. ಅಲ್ಲಿ ಚಿನ್ನ ಇಲ್ಲ, ವಜ್ರ ಇಲ್ಲ. ಕೆಡವಿದ ಬೀದಿಗಳ ಹೆಸರಿನ ಫಲಕಗಳಿವೆ. ನೆಲದ ಮೇಲೆ ಇಡೀ ಬಡಾವಣೆಯ ನಕ್ಷೆ ಇದೆ. ಹಳೆ ನಿವಾಸಿಗಳು ಬಂದು 'ನಮ್ಮ ಮನೆ ಇಲ್ಲಿತ್ತು' ಅಂತ ಅದರ ಮೇಲೆ ಹೆಸರು ಬರೆದರು. ನಮ್ಮ ಲೈನುಗಳ ನಕ್ಷೆಯನ್ನು ಒಂದು ದೊಡ್ಡ ಬಟ್ಟೆಯ ಮೇಲೆ ಬರೆಯಲು ಎಷ್ಟು ಖರ್ಚಾದೀತು?

ಹೊತ್ತು ಕಮ್ಮಿ ಇದೆ. ಗಣಿಯಿಂದ ತೆಗೆದು ಸುರಿದ ಸೈನೈಡ್ ಮಣ್ಣಿನ 13 ದಿಬ್ಬಗಳನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಗಾಳಿ ಬಂದಾಗ ಊರಿನ ಮೂಗಿಗೆ ಧೂಳು ತುಂಬಿದ ದಿಬ್ಬಗಳು ಅವು. ಬೇಡ ಅನ್ನೋಣವೋ, ಕೆಲಸ ನಮಗೇ ಕೊಡಿ ಅನ್ನೋಣವೋ, ಅದು ಊರಿನ ಜನ ತೀರ್ಮಾನಿಸಬೇಕಾದ ಬೇರೆ ಮಾತು. ಆದರೆ ಮಣ್ಣಿನಲ್ಲಿ ಉಳಿದ ಚಿನ್ನದ ಲೆಕ್ಕ ಹಾಕುವವರು ಇದ್ದಾರೆ. ಮುದುಕರ ನೆನಪಿನಲ್ಲಿ ಉಳಿದದ್ದರ ಲೆಕ್ಕ ಹಾಕುವವರು ಯಾರು? ದಿಬ್ಬ ಇನ್ನೂ ಕೆಲವು ವರ್ಷ ಕಾಯುತ್ತೆ. ಎಂಬತ್ತು ದಾಟಿದ ತಾತ ಕಾಯೋದಿಲ್ಲ.

ಆದ್ದರಿಂದ ಹಾಸ್ಟೆಲ್ ಗೆಳೆಯರೇ, ಮುಂದಿನ ರಜೆಗೆ ಒಂದು ಕೆಲಸ. ಇಬ್ಬಿಬ್ಬರಾಗಿ ಹೋಗಿ. ಒಂದು ಲೆಡ್ಜರ್ ಪುಸ್ತಕ ತಗೊಳ್ಳಿ. ಪ್ರತಿ ಸಾಮಾನಿಗೆ ಒಂದು ನಂಬರು ಹಾಕಿ. ಯಾರದು, ಯಾವ ಗಣಿ, ಯಾವ ಲೈನು, ಯಾವಾಗ ಬಳಸಿದ್ದು, ಕೊಟ್ಟರೋ ತೋರಿಸಿದರೋ, ಎಲ್ಲ ಬರೆಯಿರಿ. ಕೊಡಲು ಮನಸ್ಸಿಲ್ಲದಿದ್ದರೆ ಕಿತ್ತುಕೊಳ್ಳಬೇಡಿ, ಫೋಟೋ ತೆಗೆದು ಅವರಿಗೇ ವಾಪಸ್ ಕೊಡಿ. ಮಾತು ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಕಾಗದವನ್ನು ತೇವದಿಂದ, ಬಟ್ಟೆಯನ್ನು ಹುಳದಿಂದ ಕಾಪಾಡಿ. ಬಾಬಾಸಾಹೇಬರ ಬಟ್ಟೆಬರೆ, ಟೈಪ್‌ರೈಟರುಗಳನ್ನು ನಾಗಪುರದ ಹತ್ತಿರ ಚಿಚೋಳಿಯಲ್ಲಿ ಇಟ್ಟಿದ್ದಾರೆ. ಮಹಾಪುರುಷನ ಕೋಟು ಅಂತ ಹುಳ ಬಿಟ್ಟುಬಿಡೋದಿಲ್ಲ. ಭಕ್ತಿ ಸಾಲದು, ಕೆಲಸ ಬೇಕು.

ಇದು ಕೆಜಿಎಫ್‌ಗೆ ಮಾತ್ರ ಅಲ್ಲ. ನಿಮ್ಮ ನಿಮ್ಮ ಊರಿನಲ್ಲೂ ಮಗ್ಗ, ತಮಟೆ, ಉಳಿ, ಪೊರಕೆ ಇವೆ. ಅವುಗಳ ಹಿಂದೆ ಕೈಗಳಿವೆ. ನಮ್ಮ ಅಜ್ಜಂದಿರು ಭೂಮಿಯ ಹೊಟ್ಟೆಗೆ ಇಳಿದು ದೇಶಕ್ಕೆ ಚಿನ್ನ ತಂದರು. ನಾವು ಅವರ ಮನೆಯ ಅಟ್ಟಕ್ಕೆ ಹತ್ತಿ ಒಂದು ಹಳೆ ಡಬ್ಬಿ ಇಳಿಸಲಾರೆವೇ?

ಜೈ ಭೀಮ್.