ಹಾವು ಕಡಿದಾಗ ಮೊದಲ ದಾರಿ



ಮುಂಗಾರು ಬಂತೆಂದರೆ ಗುಬ್ಬಿಯ ಅಡಿಕೆ, ತೆಂಗಿನ ತೋಟಗಳಲ್ಲಿಯೂ ಕುಣಿಗಲ್ಲಿನ ರಾಗಿ ಹೊಲಗಳಲ್ಲಿಯೂ ಹಾವಿನ ಕಡಿತ ಹೆಚ್ಚುತ್ತದೆ. ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ಬರಿಗಾಲಿನಲ್ಲಿ ಹೋಗುವ ರೈತನೇ ಇದಕ್ಕೆ ಮೊದಲು ತುತ್ತಾಗುವವನು.

ಬಹಳ ವರ್ಷಗಳ ಹಿಂದೆ ಕುಣಿಗಲ್ ಸೀಮೆಯ ಯುವಕನೊಬ್ಬನನ್ನು ತುಮಕೂರಿನ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿದ್ದರು; ನಾಟಿ ಔಷಧ ಕುಡಿಸಿ ಅರ್ಧ ದಿನ ಕಳೆದಿತ್ತು. "ನೀವು ಆಯುರ್ವೇದದವರು, ವಿಷ ಇಳಿಸಿಕೊಡಿ ಸ್ವಾಮಿ" ಎಂದು ತಂದೆ ಕೈಮುಗಿದರು. ನಾವು ತಕ್ಷಣ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಆತ ಉಳಿಯಲಿಲ್ಲ. ಆ ತಂದೆಯ ಮುಖ ಇಂದಿಗೂ ನಮ್ಮ ಕಣ್ಣ ಮುಂದಿದೆ.

ನಮ್ಮ ಶಾಸ್ತ್ರದ ಅಗದತಂತ್ರವು ವಿಷಚಿಕಿತ್ಸೆಗೇ ಮೀಸಲಾದ ಅಂಗ. ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸಿದ ಆಚಾರ್ಯರ ದೃಷ್ಟಿ ಸೂಕ್ಷ್ಮವಾದುದು. ಚರಕಸಂಹಿತೆ ಹೇಳುವ 24 ಉಪಕ್ರಮಗಳಲ್ಲಿ ಕಟ್ಟುವುದು, ಕೊಯ್ಯುವುದು, ಹೀರುವುದೂ ಸೇರಿವೆ. ಆದರೆ ಇವು ಹಾನಿಕರವೆಂದು ಇಂದಿನ ವೈದ್ಯಕೀಯ ಅನುಭವ ತೋರಿಸಿದೆ. ಇದನ್ನು ಒಪ್ಪಿಕೊಂಡರೆ ಶಾಸ್ತ್ರಕ್ಕೆ ಅಪಚಾರವಾಗದು. ಪರೀಕ್ಷಿಸಿ ಗ್ರಹಿಸಬೇಕೆಂಬುದೂ ಶಾಸ್ತ್ರದ ಮಾತೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಪ್ರತಿವಿಷದ ಚುಚ್ಚುಮದ್ದೇ ಮದ್ದು. ಇದನ್ನು ಆಯುರ್ವೇದ ವೈದ್ಯರಾದ ನಾವೇ ಹೇಳಬೇಕು. ನಮ್ಮ ಮೇಲಿನ ನಂಬಿಕೆಯಿಂದಲೇ ಜನ ತಡಮಾಡುತ್ತಾರೆ.

ಸಂಶೋಧನೆ ಏಕೆ ಬೇಕೆಂಬುದಕ್ಕೂ ಇದೇ ನಿದರ್ಶನ. ಆಸ್ಪತ್ರೆಯ ದಾಖಲೆಗಳಲ್ಲಿ ಸಾವಿನ ಸಂಖ್ಯೆ ಬಹಳ ಕಡಿಮೆಯಿತ್ತು, ಏಕೆಂದರೆ ಅನೇಕರು ಆಸ್ಪತ್ರೆಯನ್ನೇ ತಲುಪುತ್ತಿರಲಿಲ್ಲ. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿದ ಅಧ್ಯಯನದಿಂದ ನಿಜ ತಿಳಿಯಿತು: 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಡಿತದಿಂದ ಮಡಿದಿದ್ದಾರೆ. ಇವರಲ್ಲಿ ಬಹುಪಾಲು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಣಿಕೆ ಸರಿಯಾದರೆ ಔಷಧ ಎಲ್ಲಿ ಎಷ್ಟು ಬೇಕೆಂಬುದು ತಿಳಿಯುತ್ತದೆ.

ಆದರೆ ಎಣಿಕೆಯೊಂದೇ ಜೀವ ಉಳಿಸದು. ತಿಳಿವಳಿಕೆ ಮನೆಯ ಹೊಸ್ತಿಲು ದಾಟಬೇಕು. ಕಡಿತವಾದವರನ್ನು ಧೈರ್ಯ ಹೇಳಿ ಮಲಗಿಸಿರಿ. ಉಂಗುರ, ಕಾಲುಂಗುರ, ಬಳೆ ತೆಗೆಯಿರಿ. ಕಡಿದ ಅಂಗವನ್ನು ಅಲುಗಾಡಿಸದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಿರಿ. ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿರಿ. ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಇಲ್ಲದಿರಬಹುದು. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಅನುಮಾನಿಸಿ ಹೊರಡಿರಿ. ರಾತ್ರಿ ತೋಟಕ್ಕೆ ಬ್ಯಾಟರಿ, ಗಂಬೂಟು ಇಲ್ಲದೆ ಹೋಗಬೇಡಿರಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿರಿ.

ಮಠಮಾನ್ಯಗಳು ಅನ್ನ, ಅಕ್ಷರಗಳ ದಾಸೋಹದಿಂದ ಈ ನಾಡನ್ನು ಬೆಳೆಸಿವೆ. ಮಾಸಿಕ ಶಿವಾನುಭವಗೋಷ್ಠಿಯಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ದೊರೆಯಲಿ, ಪ್ರಸಾದನಿಲಯದ ಮಕ್ಕಳು ರಜೆಗೆ ಊರಿಗೆ ಹೋದಾಗ ಇದನ್ನು ಮನೆಯವರಿಗೆ ಹೇಳಲಿ ಎಂಬುದು ನಮ್ಮ ಅರಿಕೆ. ಅರಿವನ್ನು ಹಂಚುವುದೂ ದಾಸೋಹವೇ ಅಲ್ಲವೇ?