ಅದ್ಭುತ ಕಾದಂಬರಿಗಳೂ ಬೆಳೆಯುವ ಮನಸ್ಸೂ

ಮಾಂತ್ರಿಕರು, ಹಾರುವ ಮಹಾಸರ್ಪಗಳು, ಎಲ್ಲಿಯೂ ಇಲ್ಲದ ದೇಶಗಳು, ಇನ್ನೂ ಬಾರದ ಕಾಲಗಳು: ಇಂಥ ವಸ್ತುವುಳ್ಳ ಕಾದಂಬರಿಗಳನ್ನು ವಿದ್ಯಾರ್ಥಿಯ ಕೈಯಲ್ಲಿ ಕಂಡೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ಅನೇಕರಿದ್ದಾರೆ. ಪರೀಕ್ಷೆಗೆ ಅವುಗಳಿಂದ ಉಪಯೋಗವಿಲ್ಲ, ಅವು ಕಾಲಹರಣಕ್ಕೆ ಮಾತ್ರ ಯೋಗ್ಯ ಎಂಬುದು ಅವರ ಆಕ್ಷೇಪ. ಈ ಆಕ್ಷೇಪ ಸಂಪೂರ್ಣ ನಿರಾಧಾರವಾದುದಲ್ಲ. ಮಂತ್ರದಂಡ ಬೀಸಿದೊಡನೆ ಸಕಲ ಸಂಕಟಗಳೂ ಪರಿಹಾರವಾಗುವ ಕಥೆ ಎಳೆಯ ಮನಸ್ಸಿಗೆ ಸೋಮಾರಿತನವನ್ನೇ ಕಲಿಸೀತು. ಆದರೆ ಈ ಜಾತಿಯ ಕೃತಿಗಳೆಲ್ಲವೂ ಅಂಥವಲ್ಲ. ಶಕ್ತಿಗೆ ಬೆಲೆ ತೆರಲೇಬೇಕೆಂಬ ನಿಯಮವನ್ನು ಯಾವ ಕೃತಿ ಪಾಲಿಸುತ್ತದೆಯೋ ಅದು ಕಲ್ಪಿತ ಲೋಕದಲ್ಲಿ ನಿಂತೂ ಸತ್ಯವನ್ನೇ ನುಡಿಯುತ್ತದೆ.

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರು 1968ರಲ್ಲಿ ಪ್ರಕಟಿಸಿದ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಇದಕ್ಕೆ ಉತ್ತಮ ನಿದರ್ಶನ. ಅದರ ನಾಯಕ ಗೆಡ್ ರಾಜಕುಮಾರನಲ್ಲ. ಆಡು ಕಾಯುವ ಹಳ್ಳಿಯ ಹುಡುಗ, ಕಂದುಬಣ್ಣದವನು. ವಸ್ತುವಿನ ನಿಜನಾಮವನ್ನು ಅರಿತವನಿಗೆ ಆ ವಸ್ತು ವಶವಾಗುತ್ತದೆ ಎಂಬುದು ಆ ಲೋಕದ ಧರ್ಮ. ಆದರೆ ಒಂದು ದ್ವೀಪದಲ್ಲಿ ಮಳೆ ಬರಿಸಿದರೆ ಇನ್ನೊಂದರಲ್ಲಿ ಬರಗಾಲ ಬೀಳಬಹುದು. ಆದುದರಿಂದ ಬಲ್ಲವನು ತನ್ನ ವಿದ್ಯೆಯನ್ನು ಅಳೆದು ತೂಗಿ ಬಳಸಬೇಕು. ರೋಕ್ ದ್ವೀಪದ ವಿದ್ಯಾಶಾಲೆಯಲ್ಲಿ ಸಹಪಾಠಿಯೊಡನೆ ಪಂತಕ್ಕೆ ಬಿದ್ದ ಗೆಡ್ ಮೃತಾತ್ಮವೊಂದನ್ನು ಕರೆಯಲು ಹೋಗಿ ಘೋರ ಛಾಯೆಯೊಂದನ್ನು ಲೋಕಕ್ಕೆ ಬಿಡುತ್ತಾನೆ. ಆ ಬಿರುಕನ್ನು ಮುಚ್ಚುವಲ್ಲಿ ವೃದ್ಧ ಕುಲಪತಿ ಪ್ರಾಣ ತೆರುತ್ತಾನೆ. ಮುಂದಿನ ಕಥೆಯೆಲ್ಲ ಆ ಒಂದು ಕ್ಷಣದ ಅಹಂಕಾರದ ಸಾಲ ತೀರಿಸುವ ಕಥೆ. ಕೊನೆಗೆ ಗೆಡ್ ಆ ಛಾಯೆಯನ್ನು ಕೊಲ್ಲುವುದಿಲ್ಲ. ತನ್ನದೇ ಹೆಸರಿನಿಂದ ಅದನ್ನು ಕರೆದು ತನ್ನದೆಂದು ಒಪ್ಪಿಕೊಳ್ಳುತ್ತಾನೆ. ತಪ್ಪನ್ನು ಇತರರ ಮೇಲೆ ಹೊರಿಸುವ ಅಭ್ಯಾಸವುಳ್ಳ ವಯಸ್ಸಿಗೆ ಇದಕ್ಕಿಂತ ಮಿಗಿಲಾದ ನೀತಿಪಾಠ ದೊರೆಯುವುದು ಕಷ್ಟ.

ಅಧ್ಯಾಪಕರೂ ಈ ಕೃತಿಯಲ್ಲಿ ಮನನ ಮಾಡಬೇಕಾದುದುಂಟು. ಗೆಡ್‌ನ ಗುರು ಓಜಿಯನ್ ಮಿತಭಾಷಿ. ಮಂತ್ರ ಕಲಿಯುವ ಆತುರದಲ್ಲಿರುವ ಶಿಷ್ಯನಿಗೆ ಗಿಡಮೂಲಿಕೆಗಳನ್ನು ತೋರಿಸುತ್ತಾನೆ, ಮಳೆಯಲ್ಲಿ ನೆನೆಯುತ್ತ ನಡೆಸುತ್ತಾನೆ. ಪಾಠ ಆಗಲೇ ಆರಂಭವಾಗಿದೆಯೆಂಬುದು ಶಿಷ್ಯನಿಗೆ ಹೊಳೆಯುವುದಿಲ್ಲ. ಫಲಿತಾಂಶದ ಅಂಕಿಗಳಿಂದಲೇ ಶಿಕ್ಷಣವನ್ನು ಅಳೆಯುವವರಿಗೆ ಈ ಪ್ರಸಂಗ ಒಂದು ಮೌನ ಉತ್ತರ.

ಈ ಕೃತಿಗೂ ದೋಷವಿಲ್ಲದಿಲ್ಲ. ರೋಕ್ ಶಾಲೆ ಗಂಡುಮಕ್ಕಳಿಗೆ ಮಾತ್ರ ಮೀಸಲು; ಸ್ತ್ರೀಯರ ವಿದ್ಯೆಗೆ ಅಲ್ಲಿ ಗೌರವವಿಲ್ಲ. ಲೇಖಕಿಯ ದೊಡ್ಡತನವೆಂದರೆ ಈ ಕೊರತೆಯನ್ನು ತಾವೇ ಎದುರಿಸಿದುದು. 1971ರ ಕೃತಿಯಲ್ಲಿ ಟೆನಾರ್ ಎಂಬ ಬಾಲೆಯನ್ನು ಕೇಂದ್ರದಲ್ಲಿರಿಸಿದರು. 1990ರ 'ಟೆಹಾನು' ಕಾದಂಬರಿಯಲ್ಲಿ ಅದೇ ಟೆನಾರ್ ರೈತನ ವಿಧವೆಯಾಗಿ, ಸುಟ್ಟ ಗಾಯಗಳ ಮಗುವೊಂದನ್ನು ಸಾಕುತ್ತಾಳೆ. ಗೆಡ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು ಹಿಂದಿರುಗುತ್ತಾನೆ. ತಾನೇ ಕಟ್ಟಿದ ಲೋಕವನ್ನು ತಾನೇ ತಿದ್ದುವ ಧೈರ್ಯ ಎಲ್ಲ ಲೇಖಕರಿಗೂ ಇರುವುದಿಲ್ಲ.

1954–55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದ ರಿಂಗ್ಸ್' ಹೆಚ್ಚು ಪ್ರಸಿದ್ಧ. ಅದರ ವಿಸ್ತಾರ ಕೆಲವೆಡೆ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಒಂದು ಇಡೀ ಕುಲವನ್ನೇ ದುಷ್ಟವೆಂದು ಚಿತ್ರಿಸಿರುವುದು ಒಪ್ಪತಕ್ಕದ್ದಲ್ಲ. ಆದರೂ ಅದರ ಮುಕ್ತಾಯ ಅಪೂರ್ವ. ಸರ್ವಾಧಿಕಾರ ನೀಡುವ ಉಂಗುರವನ್ನು ನಾಶಮಾಡಲು ಹೊರಟ ಫ್ರೋಡೊ ಕಟ್ಟಕಡೆಯ ಗಳಿಗೆಯಲ್ಲಿ ಸೋಲುತ್ತಾನೆ, ಅದು ತನ್ನದೆನ್ನುತ್ತಾನೆ. ಅವನನ್ನು ಉಳಿಸುವುದು ಶೌರ್ಯವಲ್ಲ. ಹಿಂದೊಮ್ಮೆ ಗೊಲಮ್ ಎಂಬ ಕ್ಷುದ್ರ ಜೀವಿಗೆ ತೋರಿದ ದಯೆ. ಜೀವ ಉಳಿಸಿಕೊಂಡ ಗೊಲಮ್ ಉಂಗುರವನ್ನು ಕಸಿದುಕೊಂಡು, ಅದರೊಡನೆ ಬೆಂಕಿಯ ಕಂದರಕ್ಕೆ ಬೀಳುತ್ತಾನೆ. ಅಧಿಕಾರದ ಮುಂದೆ ಸಜ್ಜನನೂ ದುರ್ಬಲನೇ ಎಂಬ ಮಾತನ್ನು ಇಷ್ಟು ನಿರ್ಭಿಡೆಯಾಗಿ ಹೇಳಿದ ಸಾಹಸಕಥೆಗಳು ವಿರಳ.

ರೇ ಬ್ರಾಡ್‌ಬರಿಯವರ 'ಫ್ಯಾರನ್‌ಹೀಟ್ 451' (1953) ಭವಿಷ್ಯತ್ತಿನ ಕಥೆ. ಅಲ್ಲಿ ಅಗ್ನಿಶಾಮಕ ದಳದ ಕೆಲಸ ಬೆಂಕಿ ಆರಿಸುವುದಲ್ಲ, ಪುಸ್ತಕಗಳನ್ನು ಸುಡುವುದು. ಆದರೆ ಬೆಂಕಿಗಿಂತ ಮೊದಲೇ ಜನರು ಓದುವುದನ್ನು ತಾವಾಗಿಯೇ ಬಿಟ್ಟಿದ್ದರೆಂಬುದು ಕಾದಂಬರಿಯ ನಿಜವಾದ ಎಚ್ಚರಿಕೆ. ಕೊನೆಗೆ ಊರ ಹೊರಗೆ ಅಲೆಯುವ ಕೆಲವರು ಒಂದೊಂದು ಗ್ರಂಥವನ್ನು ಕಂಠಸ್ಥ ಮಾಡಿಕೊಂಡು ಉಳಿಸುತ್ತಾರೆ.

ಶಾಲಾ ಗ್ರಂಥಾಲಯಗಳ ಹಿತಚಿಂತಕರು ಗಮನಿಸಬೇಕಾದುದು ಇದನ್ನೇ. ಗ್ರಂಥಾಲಯವನ್ನು ಬೆಂಕಿಯೇ ನಾಶಮಾಡಬೇಕೆಂದಿಲ್ಲ. ಬೀಗ ಹಾಕಿದ ಬೀರು, ಪರೀಕ್ಷಾ ಮಾರ್ಗದರ್ಶಿಗಳನ್ನು ಮಾತ್ರ ಹೊತ್ತ ಕಪಾಟು ಸಾಕು. ದಾನಿಗಳು ಕಟ್ಟಡಕ್ಕೆ ಕೊಡುವ ಹಣದಲ್ಲಿ ಅಲ್ಪಭಾಗ ಇಂಥ ಪುಸ್ತಕಗಳಿಗೂ ಸಲ್ಲಲಿ. ಇವುಗಳ ಇಂಗ್ಲಿಷು ಎಲ್ಲ ಮಕ್ಕಳಿಗೂ ಸುಲಭವಲ್ಲವಾದ್ದರಿಂದ, ಅಧ್ಯಾಪಕರು ವಾರಕ್ಕೊಂದು ಅವಧಿಯಲ್ಲಿ ಇವನ್ನು ಕನ್ನಡದಲ್ಲಿ ಕಥೆಯಾಗಿ ಹೇಳಲಿ. ಕಥೆ ಕೇಳಿದ ಮಗು ಪುಸ್ತಕವನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಆಗ ಆ ಬೀರುವಿನ ಬಾಗಿಲು ತೆರೆದಿರಬೇಕು, ಅಷ್ಟೆ.